ಟೆಸ್ಟ್ ಬಟನ್ ನಂಬಿ ಕೆಟ್ಟೆ: ಎಕ್ಸಿಟ್ ಲೈಟ್‌ಗಳ ತೊಂಬತ್ತು ನಿಮಿಷ

ಒಂಬತ್ತು ಮಹಡಿ, ಎರಡು ಬೇಸ್‌ಮೆಂಟ್, ಎರಡು ಮೆಟ್ಟಿಲು. ಕರೆಂಟ್ ಹೋದಾಗ ಒಳಗಿನ ಬ್ಯಾಟರಿಯಿಂದ ಉರಿದು ಹೊರಗೆ ಹೋಗೋ ದಾರಿ ತೋರಿಸಬೇಕಾದ ಎಕ್ಸಿಟ್ ಬೋರ್ಡ್, ಎಮರ್ಜೆನ್ಸಿ ಲೈಟ್ ಎಲ್ಲಾ ಸೇರಿ ಸುಮಾರು 230. ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕದ ಆಫೀಸ್ ಕಟ್ಟಡ, ನಾನು ಅಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಈ ಅಷ್ಟೂ ಲೈಟ್‌ಗಳನ್ನ ಪೂರ್ತಿ 90 ನಿಮಿಷ ಬ್ಯಾಟರಿ ಮೇಲೆ ಉರಿಸಿ ನೋಡ್ತೀನಿ, ಇಬ್ಬರು ಹುಡುಗರನ್ನ ಕೊಡಿ ಸಾಕು ಅಂದಾಗ ಮ್ಯಾನೇಜರ್ ನಕ್ಕುಬಿಟ್ಟರು. "ಒಂಬತ್ತು ಫ್ಲೋರ್‌ನಲ್ಲಿ ಒಂದೂವರೆ ಗಂಟೆ ನಿಂತ್ಕೊಂಡು ನೋಡೋಕೆ ಎಷ್ಟು ಜನ ಬೇಕಪ್ಪಾ?" ಅಂದರು. ಎಎಂಸಿ (ವರ್ಷದ ಮೇಂಟೆನೆನ್ಸ್ ಗುತ್ತಿಗೆ) ಕಡೆಯ ಹುಡುಗ ಇನ್ನೂ ನೇರ: "ಸಾರ್, ಯಾವ ಬಿಲ್ಡಿಂಗಲ್ಲೂ ಯಾರೂ ಇದನ್ನ ಮಾಡಲ್ಲ. ಬಟನ್ ಒತ್ತಿ, ಶೀಟ್ ತುಂಬಿಸಿ, ಮುಗೀತು."

ಎರಡೂವರೆ ವರ್ಷದಿಂದ ಮಾಡ್ತಾ ಇದ್ದೀನಿ. ಅದಕ್ಕೇ ಬರೆಯೋಣ ಅನ್ನಿಸಿತು.

ಪ್ರತಿ ಲೈಟ್‌ನಲ್ಲೂ ಬ್ಯಾಟರಿ ನೋಡೋಕೆ ಒಂದು ಟೆಸ್ಟ್ ಬಟನ್ ಇರುತ್ತೆ. ಒತ್ತಿದರೆ ಎರಡು ಸೆಕೆಂಡ್ ಎಲ್‌ಇಡಿ ಹೊತ್ತಿಕೊಳ್ಳುತ್ತೆ, ಹಾಳೆಯಲ್ಲಿ ಟಿಕ್. ಸತ್ತ ಬ್ಯಾಟರಿಯೂ ಎರಡು ಸೆಕೆಂಡ್ ಎಲ್‌ಇಡಿ ಉರಿಸುತ್ತೆ. ನಮ್ಮ ಕಡೆ ಇನ್ನೊಂದು ತಮಾಷೆ ಇದೆ. ಕರೆಂಟ್ ಹೋದ ಹತ್ತು ಹದಿನೈದು ಸೆಕೆಂಡಿಗೆ ಡಿಜಿ (ಡೀಸೆಲ್ ಜನರೇಟರ್) ಎದ್ದುಬಿಡುತ್ತೆ. ಆ ಹದಿನೈದು ಸೆಕೆಂಡ್ ಲೈಟ್ ಮಿಣುಕಿದರೆ ಸಾಕು, ಎಲ್ಲಾ ಸರಿ ಇದೆ ಅಂತ ಎಲ್ಲರೂ ಖುಷಿ. ಬ್ಯಾಟರಿ ಸತ್ತು ಮೂರು ವರ್ಷ ಆಗಿದ್ದರೂ ಯಾರಿಗೂ ಗೊತ್ತಾಗಲ್ಲ. ನಿಜವಾದ ಬೆಂಕಿಯಲ್ಲಿ ಡಿಜಿ ಸಪ್ಲೈ ಆ ಫ್ಲೋರ್‌ಗೆ ಬಂದೇ ಬರುತ್ತೆ ಅಂತ ಏನು ಗ್ಯಾರಂಟಿ, ಕೇಬಲ್ ಡಕ್ಟೇ ಉರೀತಾ ಇದ್ದರೆ? 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಹೋದರಲ್ಲ, ಆಗ ನಾನು ದೊಮ್ಮಲೂರಿನಲ್ಲಿ ಹೆಲ್ಪರ್. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರ ಸುದ್ದಿ ಕೇಳಿದ ದಿನ ಊಟ ಸೇರಲಿಲ್ಲ.

ನ್ಯಾಷನಲ್ ಬಿಲ್ಡಿಂಗ್ ಕೋಡ್ ಕೇಳೋದು ಒಂದೂವರೆ ಗಂಟೆ. ನಮ್ಮ ಮೂರು ಫ್ಲೋರ್ ಹಿಡಿದಿರೋ ಟೆನೆಂಟ್ ಅಮೆರಿಕದ ಕಂಪನಿ. ಅವರ ಕಡೆ ಪದ್ಧತಿ ತಿಂಗಳಿಗೊಮ್ಮೆ 30 ಸೆಕೆಂಡ್, ವರ್ಷಕ್ಕೊಮ್ಮೆ 90 ನಿಮಿಷ. ಬ್ರಿಟಿಷರದ್ದು ವರ್ಷಕ್ಕೊಮ್ಮೆ ಮೂರು ಗಂಟೆ. ನಾನು 90ಕ್ಕೆ ನಿಂತೆ. ಮೂರು ಗಂಟೆ ಅಂದಿದ್ದರೆ ಮ್ಯಾನೇಜರ್ ನನ್ನನ್ನೇ ಎಕ್ಸಿಟ್ ಮಾಡಿಸುತ್ತಿದ್ದರು.

ಮೊದಲು ಕೊಟೇಶನ್ ತರಿಸಿದೆ. ತಾನೇ ಟೆಸ್ಟ್ ಮಾಡಿಕೊಂಡು ಕಂಪ್ಯೂಟರ್‌ಗೆ ರಿಪೋರ್ಟ್ ಕಳಿಸುವ ಫಿಟ್ಟಿಂಗ್‌ಗಳು, ಪೂರ್ತಿ ಬಿಲ್ಡಿಂಗ್‌ಗೆ ಒಂಬತ್ತು ಲಕ್ಷದ ಮೇಲೆ. ಆ ಹಾಳೆ ಮ್ಯಾನೇಜರ್ ಟೇಬಲ್ ಮೇಲೆ ಎರಡು ದಿನ ಇತ್ತು, ಆಮೇಲೆ ಅದರ ಮೇಲೆ ಟೀ ಲೋಟ ಇಡ್ತಾ ಇದ್ದರು.

ಆಗ ಹೊಳೆದದ್ದು ಸಿಸಿಟಿವಿ. ಕಾರಿಡಾರ್ ಪೂರ್ತಿ ಕ್ಯಾಮೆರಾ ಇದೆ, ಎಲ್ಲಾ ಯುಪಿಎಸ್ ಮೇಲೆ. ರಾತ್ರಿ ಲೈಟಿಂಗ್ ತೆಗೆದರೂ ರೆಕಾರ್ಡಿಂಗ್ ನಿಲ್ಲಲ್ಲ. ಲೈಟಿಂಗ್ ಲೈನಿನ ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸಿ, ಮನೆಗೆ ಹೋಗಿ ಮಲಗಿ, ಸೋಮವಾರ 16 ಪಟ್ಟು ಸ್ಪೀಡ್‌ನಲ್ಲಿ ಓಡಿಸಿದರೆ ಯಾವ ಲೈಟ್ ಎಷ್ಟು ಹೊತ್ತಿಗೆ ಸತ್ತಿತು ಅಂತ ನಿಮಿಷದ ಲೆಕ್ಕ ಸಿಗುತ್ತೆ ಅಲ್ವಾ?

ಮೊದಲ ಟೆಸ್ಟ್ ಭಾನುವಾರ ಸಂಜೆ, ಕತ್ತಲಾದ ಮೇಲೆ. ರಿಸಲ್ಟ್ ನೂರಕ್ಕೆ ನೂರು! ಎಲ್ಲಾ ಲೈಟ್ 90 ನಿಮಿಷ ಉರಿದಿದ್ದವು. ನಾನು ಮೀಸೆ ತಿರುವಿಕೊಂಡು ಓಡಾಡಿದೆ. ನಾಲ್ಕನೇ ಫ್ಲೋರ್ ಸೆಕ್ಯೂರಿಟಿ ಹುಡುಗ, ಅಸ್ಸಾಮಿನವನು, ಬಂದು ಕೈಯಾಡಿಸಿ ಹೇಳಿದ: "ಕಿದರ್ ಸಾರ್? ಫುಲ್ ಅಂಧೇರಾ ಥಾ." ಮೊಬೈಲ್ ಟಾರ್ಚ್ ಹಿಡಿದು ಬಾತ್‌ರೂಮಿಗೆ ಹೋಗಿದ್ದನಂತೆ. ಆಗಿದ್ದೇನು ಅಂದರೆ, ಬೆಳಕು ಕಡಿಮೆಯಾದ ಕೂಡಲೇ ಕ್ಯಾಮೆರಾ ನೈಟ್ ಮೋಡ್‌ಗೆ ಹೋಗಿ ತನ್ನದೇ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕು ಬಿಟ್ಟಿದೆ. ಆ ಬೆಳಕು ಎಕ್ಸಿಟ್ ಬೋರ್ಡಿನ ಅಕ್ರಿಲಿಕ್‌ಗೆ ಬಡಿದು ವಾಪಸ್ ಬಂದು, ಸತ್ತ ಬೋರ್ಡ್ ಕೂಡ ಫಳಫಳ ಹೊಳೆದಿದೆ. ಎಂಥಾ ಅವಮಾನ. ರಿಪೋರ್ಟ್ ಆಗಲೇ ಮೇಲ್ ಮಾಡಿಬಿಟ್ಟಿದ್ದೆ.

ಅದೊಂದೇ ಅಲ್ಲ. ಅವತ್ತು ಉತ್ಸಾಹದಲ್ಲಿ ಇಡೀ ಬಿಲ್ಡಿಂಗ್ ಒಟ್ಟಿಗೆ ಇಳಿಸಿದ್ದೆ. ಅಂದರೆ ಸೋಮವಾರ ಬೆಳಗ್ಗೆಗೆ ಎಲ್ಲಾ ಬ್ಯಾಟರಿ ಅರ್ಧಂಬರ್ಧ ಚಾರ್ಜ್. ಒಂಬತ್ತೂವರೆಗೆ ಕರೆಂಟ್ ಹೋಯ್ತು, ಡಿಜಿ ಅವತ್ತೇ ಹಠ ಹಿಡಿದು ಮೂರು ಸಲ ಕ್ರ್ಯಾಂಕ್ ಆಗಿ ನಿಂತಿತು. ಹಿಂದಿನ ಮೆಟ್ಟಿಲಲ್ಲಿ ಕಗ್ಗತ್ತಲು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಬೈಗುಳ ಮಾತ್ರ ಹೊಟ್ಟೆ ತುಂಬಾ.

ಒಂದು ತಿಂಗಳು ಸುಮ್ನೆ ಇದ್ದೆ. ಆಮೇಲೆ ಸರಿ ಮಾಡಿದ್ದು ಹೀಗೆ.

ಕ್ಯಾಮೆರಾಗಳನ್ನ ಟೆಸ್ಟ್ ಹೊತ್ತಿಗೆ ಕಲರ್ ಮೋಡ್‌ನಲ್ಲೇ ಲಾಕ್ ಮಾಡಿಸಿದೆ. ಆಗಲೂ ಪೂರ್ತಿ ಸರಿ ಹೋಗಲಿಲ್ಲ, ಕ್ಯಾಮೆರಾ ಗೇನ್ (ಬೆಳಕನ್ನ ಹಿಗ್ಗಿಸಿ ತೋರಿಸೋ ಸೆಟ್ಟಿಂಗ್) ಏರಿಸಿಕೊಂಡು ಮಂಕು ಬೆಳಕನ್ನೂ ಚೆನ್ನಾಗಿ ತೋರಿಸುತ್ತೆ. ಹಾಗಾಗಿ ಗೇನ್, ಶಟರ್ ಎರಡನ್ನೂ ಕಟ್ಟಿಹಾಕಿದೆ. ಪ್ರತಿ ಯೂನಿಟ್ ಕೆಳಗೆ ನೆಲದ ಮೇಲೆ ಎ4 ಹಾಳೆ, ಅದರಲ್ಲಿ ದಪ್ಪ ಮಾರ್ಕರ್‌ನಿಂದ ಯೂನಿಟ್ ನಂಬರ್. ಫೂಟೇಜ್‌ನಲ್ಲಿ ನಂಬರ್ ಓದೋಕೆ ಆಗ್ತಾ ಇದ್ದರೆ ಪಾಸ್, ಆಗದಿದ್ದರೆ ಆ ನಿಮಿಷಕ್ಕೆ ಫೇಲ್. ಎರಡೂವರೆ ಸಾವಿರ ರೂಪಾಯಿಯ ಲಕ್ಸ್ ಮೀಟರ್ (ಬೆಳಕು ಅಳೆಯೋ ಮೀಟರ್) ತಂದು ಹಾಳೆ ಪಕ್ಕ ಇಟ್ಟು ಒಂದು ಸಲ ತಾಳೆ ನೋಡಿದೆ. ದಾರಿಯ ನಡುಗೆರೆಯಲ್ಲಿ 10 ಲಕ್ಸ್ ಇರಬೇಕು. ಗೇನ್ ಎಷ್ಟಕ್ಕೆ ನಿಲ್ಲಿಸಿದರೆ ನಂಬರ್ ಸರಿಯಾಗಿ 10ರ ಆಸುಪಾಸಿನಲ್ಲಿ ಮಾಯ ಆಗುತ್ತೆ ಅನ್ನೋದನ್ನ ಹೇಳಲ್ಲ. ಅದಕ್ಕೆ ನನ್ನ ಮೂರು ಶನಿವಾರ ಹೋಗಿವೆ, ನಿಮ್ಮದೂ ಒಂದೆರಡು ಹೋಗಲಿ. ಮೆಟ್ಟಿಲಲ್ಲಿ ಕ್ಯಾಮೆರಾ ಕಡಿಮೆ, ಅಲ್ಲಿಗೆ ಸ್ಕ್ರೀನ್ ಒಡೆದ ನಾಲ್ಕು ಹಳೇ ಮೊಬೈಲ್, ರೇಲಿಂಗ್‌ಗೆ ಕೇಬಲ್ ಟೈನಲ್ಲಿ ಕಟ್ಟಿ ವಿಡಿಯೋ.

ಇನ್ನು ಸರ್ಕ್ಯೂಟ್. ನಮ್ಮ ಪ್ರತಿ ಕಾರಿಡಾರ್‌ಗೆ ಎರಡು ಲೈಟಿಂಗ್ ಸರ್ಕ್ಯೂಟ್, ಒಂದು ಬಿಟ್ಟು ಒಂದು ಲೈಟ್. ಎ ಮತ್ತು ಬಿ ಅಂತಿಟ್ಟುಕೊಳ್ಳಿ. ಎಮರ್ಜೆನ್ಸಿ ಯೂನಿಟ್‌ಗಳಿಗೂ ಅದೇ ಲೈನಿನಿಂದ, ಸ್ವಿಚ್‌ಗೆ ಮುಂಚೆಯೇ ಫೀಡ್ (ಚಾರ್ಜ್ ಆಗೋ ಕರೆಂಟ್) ಹೋಗಬೇಕು, ಆಗ ಲೈಟ್ ಸ್ವಿಚ್ ಆರಿಸಿದರೂ ಚಾರ್ಜ್ ನಿಲ್ಲಲ್ಲ. ಶನಿವಾರ ರಾತ್ರಿ ಒಂಬತ್ತಕ್ಕೆ ಎ ಸರ್ಕ್ಯೂಟಿನ ಎಂಸಿಬಿ ಇಳಿಸ್ತೀನಿ. ಬಿ ಲೈಟ್‌ಗಳನ್ನ ಸ್ವಿಚ್‌ನಲ್ಲಿ ಆಫ್ ಮಾಡ್ತೀನಿ, ಎಂಸಿಬಿ ಮುಟ್ಟಲ್ಲ. ಹಾಗಾಗಿ ಎ ಯೂನಿಟ್‌ಗಳು ಬ್ಯಾಟರಿಗೆ ಬರುತ್ತವೆ, ಬಿ ಯೂನಿಟ್‌ಗಳು ಚಾರ್ಜ್ ಆಗ್ತಾನೇ ಇರುತ್ತವೆ, ನಿಜವಾಗಿ ಏನಾದರೂ ಆದರೆ ಅರ್ಧ ಲೈಟ್ ತಯಾರು. ಒಂದು ರಾತ್ರಿಗೆ ಎರಡು ಫ್ಲೋರ್, ಅಷ್ಟೇ. ಸೋಮವಾರ ಬೆಳಗ್ಗೆ ಹೊತ್ತಿಗೆ ಮೂವತ್ತು ಗಂಟೆ ಮೇಲೆ ಚಾರ್ಜ್ ಸಿಕ್ಕಿರುತ್ತೆ.

ಇದರಿಂದ ನಾನು ಲೆಕ್ಕ ಹಾಕಿರದ ಒಂದು ಲಾಭ ಸಿಕ್ಕಿತು. ಬಿ ಲೈಟ್ ಸ್ವಿಚ್ ಆಫ್ ಮಾಡಿದ ಕ್ಷಣ ಕೆಲವು ಬಿ ಯೂನಿಟ್‌ಗಳೂ ಹೊತ್ತಿಕೊಂಡವು. ಹೊತ್ತಬಾರದಲ್ಲ? ಫಾಲ್ಸ್ ಸೀಲಿಂಗ್ ತೆಗೆದು ನೋಡಿದರೆ ಟೆನೆಂಟ್‌ನ ಇಂಟೀರಿಯರ್‌ನವರು ಹತ್ತಿರ ಸಿಕ್ಕ ಲೈಟಿನಿಂದ, ಸ್ವಿಚ್ ಆದ ಮೇಲಿನ ವೈರಿಂದ ಫೀಡ್ ಎಳೆದಿದ್ದಾರೆ. ಸೆಕ್ಯೂರಿಟಿ ದಿನಾ ರಾತ್ರಿ ಲೈಟ್ ಆರಿಸಿದಾಗಲೆಲ್ಲ ಈ ಬ್ಯಾಟರಿಗಳು ಬೆಳಗಿನವರೆಗೆ ಖಾಲಿಯಾಗಿ, ಮತ್ತೆ ತುಂಬಿ, ಮತ್ತೆ ಖಾಲಿಯಾಗಿ ಆರೇ ತಿಂಗಳಿಗೆ ಶಿವನ ಪಾದ. ಎಎಂಸಿಯವರು ಮೂರು ಸಲ ಬ್ಯಾಟರಿ ಬದಲಿಸಿ ಮೂರು ಸಲ ಬಿಲ್ ಮಾಡಿದ್ದರು. ಇಂಥವು ಮೂವತ್ತರ ಮೇಲೆ ಸಿಕ್ಕವು. ಇದರ ಉಲ್ಟಾ ಕೂಡ ಐದಾರು: ಕಾರಿಡಾರ್ ಲೈಟ್ ಆರ್ ಫೇಸ್, ಎಮರ್ಜೆನ್ಸಿ ಯೂನಿಟ್ ವೈ ಫೇಸ್, ಅಂದರೆ ಎರಡೂ ಬೇರೆ ಬೇರೆ ಲೈನ್. ಕಾರಿಡಾರ್ ಎಂಸಿಬಿ ಟ್ರಿಪ್ ಆದರೆ ಈ ಮಹಾಶಯರಿಗೆ ಸುದ್ದಿಯೇ ಇಲ್ಲ, ಹಾಯಾಗಿ ಚಾರ್ಜ್ ಆಗ್ತಾ ಕೂತಿರ್ತಾರೆ.

ಮೊದಲ ಸರಿಯಾದ ಸುತ್ತಿನ ಲೆಕ್ಕ, ನೆನಪಿನಿಂದ: 90 ನಿಮಿಷ ದಾಟಿದ್ದು 90ರ ಆಸುಪಾಸು ಯೂನಿಟ್. ಹೊತ್ತೇ ಇಲ್ಲ ಅಥವಾ ಕಾಲು ಗಂಟೆಯೊಳಗೆ ಸತ್ತವು 65. ಮಿಕ್ಕವು ನಡುವೆ ಎಲ್ಲೋ. ಹಿಂದಿನ ತಿಂಗಳ ಎಎಂಸಿ ಶೀಟ್‌ನಲ್ಲಿ ಎಲ್ಲದರ ಮುಂದೂ ಓಕೆ. ಐದನೇ ಫ್ಲೋರ್‌ನಲ್ಲಿ ಒಂದೂ ಹೊತ್ತಲಿಲ್ಲ, ಅದಕ್ಕೆ ಕಾರಣ ಲಾಕ್‌ಡೌನ್. 2020ರಲ್ಲಿ ಟೆನೆಂಟ್ ಖಾಲಿ ಮಾಡಿದಾಗ ಯಾರೋ ಪುಣ್ಯಾತ್ಮ ಕರೆಂಟ್ ಉಳಿಸೋಣ ಅಂತ ಇಡೀ ಡಿಬಿ (ಆ ಫ್ಲೋರಿನ ಎಂಸಿಬಿಗಳ ಪೆಟ್ಟಿಗೆ) ಆಫ್ ಮಾಡಿ ಹೋಗಿದ್ದ. ಅಗ್ಗದ ಯೂನಿಟ್‌ಗಳಲ್ಲಿ ಲೋ ವೋಲ್ಟೇಜ್ ಕಟ್‌ಆಫ್ ಇರಲ್ಲ, ಕೊನೇ ಹನಿವರೆಗೂ ಹೀರುತ್ತವೆ. 6 ವೋಲ್ಟ್ ಬ್ಯಾಟರಿಗೆ ಮೀಟರ್ ಇಟ್ಟರೆ ಒಂದೂವರೆ ವೋಲ್ಟ್. ಹತ್ತು ಬ್ಯಾಟರಿಯ ಮುಚ್ಚಳ ಎಬ್ಬಿಸಿ, ಸಿರಿಂಜ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಬಿಟ್ಟು, ನಿಧಾನಕ್ಕೆ ಚಾರ್ಜ್ ಕೊಟ್ಟು ಬದುಕಿಸೋಕೆ ನೋಡಿದೆ. ಎರಡು ಎದ್ದವು, ಒಂದು ತಿಂಗಳಿಗೆ ಮತ್ತೆ ಮಲಗಿದವು. ಮಾಡಬೇಡಿ, ಟೈಮ್ ವೇಸ್ಟ್, ಪ್ಯಾಂಟಿಗೆ ಆಸಿಡ್ ಬೇರೆ.

ಹೊಸ ಬ್ಯಾಟರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋದೆ. ಮೊದಲ ಲಾಟ್‌ನಲ್ಲಿ ಚೆನ್ನಾಗಿ ಟೋಪಿ ಬಿತ್ತು. ಮೇಲೆ 6 ವೋಲ್ಟ್ 4.5 ಎಎಚ್ (ಆಂಪಿಯರ್ ಅವರ್, ಬ್ಯಾಟರಿಯ ಸಾಮರ್ಥ್ಯ) ಅಂತ ಅಚ್ಚು, ಒಳಗೆ ಅರ್ಧ ಸರಕು, 35 ನಿಮಿಷಕ್ಕೆ ಢಮಾರ್. ಇಪ್ಪತ್ತು ಪೀಸ್, ಏಳು ಸಾವಿರ ನೀರಿಗೆ. ಈಗ ಅಡುಗೆಮನೆಯ ತಕ್ಕಡಿ ಹಿಡಿದುಕೊಂಡೇ ಹೋಗ್ತೀನಿ. ಒಳ್ಳೇದು ಏಳುನೂರು ಗ್ರಾಂ ಆಸುಪಾಸು ತೂಗುತ್ತೆ. ಐನೂರು ತೂಗಿದರೆ ಮಾತಾಡದೆ ವಾಪಸ್. ಅದೇ ಥರ 12 ವೋಲ್ಟ್ 7 ಎಎಚ್ ಎರಡು ಕೆಜಿ ಮೇಲೆ ಇರಬೇಕು. ಅಂಗಡಿಯವನು "ಏನ್ ಸಾರ್, ಟೊಮೆಟೊ ತಗೊಳ್ಳೋಕೆ ಬಂದಿದ್ದೀರಾ" ಅಂತ ರೇಗಿಸ್ತಾನೆ, ಆದರೆ ಈಗ ಮೊದಲೇ ಭಾರದ್ದನ್ನ ತೆಗೆದು ಇಡ್ತಾನೆ. ತೂಕ ಬಿಟ್ಟು ಇನ್ನೊಂದು ಪರೀಕ್ಷೆ ಇದೆ, ಒಂದು ಹಳೇ ಬೈಕ್ ಹೆಡ್‌ಲೈಟ್ ಬಲ್ಬ್ ಇದ್ದರೆ ಮೂರು ನಿಮಿಷದಲ್ಲಿ ಬ್ಯಾಟರಿ ಜಾತಕ ಗೊತ್ತಾಗುತ್ತೆ. ವಿವರ ಎದುರಿಗೆ ಸಿಕ್ಕಾಗ.

ಒಟ್ಟು ಖರ್ಚು: ಸುಮಾರು 110 ಬ್ಯಾಟರಿ, ಒಂದಕ್ಕೆ 380ರ ಹಾಗೆ ನಲವತ್ತೆರಡು ಸಾವಿರ. ಚಾರ್ಜರ್ ಬೋರ್ಡೇ ಸುಟ್ಟ ಇಪ್ಪತ್ತೈದಕ್ಕೆ ಹೊಸ ಫಿಟ್ಟಿಂಗ್, ಮೂವತ್ತೈದು ಸಾವಿರ. ವೈರು, ಲೇಬಲ್, ಹುಡುಗರ ಓಟಿ, ರಾತ್ರಿ ಬಿರಿಯಾನಿ ಸೇರಿ ಹದಿನೆಂಟು. ತೊಂಬತ್ತೈದು ಸಾವಿರದಲ್ಲಿ ಮುಗೀತು, ಟೋಪಿ ಬಿದ್ದ ಏಳು ಸಾವಿರ ಬಿಟ್ಟು. ಎಎಂಸಿಗೆ ವರ್ಷಕ್ಕೆ ಲಕ್ಷದ ಇಪ್ಪತ್ತು ಕೊಡ್ತಾ ಇದ್ದೆವು, ಅದನ್ನ ಮುಂದುವರಿಸಲಿಲ್ಲ.

ನಡುವೆ ಒಂದಿಷ್ಟು ಹುಚ್ಚಾಟ. ಮೆಟ್ಟಿಲಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಅಂಟಿಸಿದೆ. ಅದಕ್ಕೆ ಮೊದಲು ಬೆಳಕು ಕುಡಿಸಬೇಕು, ಆದರೆ ನಮ್ಮ ಮೆಟ್ಟಿಲಿನ ಲೈಟ್‌ಗೆ ಮೋಷನ್ ಸೆನ್ಸರ್ ಇದೆ, ಲಿಫ್ಟ್ ಇರುವಾಗ ಮೆಟ್ಟಿಲು ಯಾರು ಹತ್ತುತ್ತಾರೆ? ಉಪವಾಸ ಬಿದ್ದ ಟೇಪ್ ಐದು ನಿಮಿಷ ಕೂಡ ಹೊಳೆಯಲಿಲ್ಲ. ಒಂಬತ್ತನೇ ಫ್ಲೋರ್‌ನ ಪಡುವಣ ಮೆಟ್ಟಿಲು, ಮೇಲೆ ಬಿಸಿಲಿಗೆ ಕಾದ ಆರ್‌ಸಿಸಿ, ಅಲ್ಲಿ ಲೆಡ್ ಬ್ಯಾಟರಿ ಒಂದೂವರೆ ವರ್ಷ ದಾಟಲ್ಲ, ಕೆಳಗಡೆ ಮೂರು ವರ್ಷ ಬರುತ್ತೆ. ಅಲ್ಲಿನ ಆರು ಯೂನಿಟ್‌ಗೆ ಎರಡೆರಡು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸೀರೀಸ್‌ನಲ್ಲಿ, ಬಿಎಂಎಸ್ (ಸೆಲ್ ಕಾಯೋ ಸರ್ಕ್ಯೂಟ್) ಜೊತೆ ಹಾಕಿದೆ. ಐದು ಚೆನ್ನಾಗಿವೆ. ಆರನೆಯದರ ಚಾರ್ಜರ್ 7.6 ವೋಲ್ಟ್ ಕೊಡ್ತಾ ಇತ್ತು, ಬಿಎಂಎಸ್ ಕೈ ಎತ್ತಿಬಿಟ್ಟಿತು. ಮೊದಲು ಚಾರ್ಜರ್ ವೋಲ್ಟೇಜ್ ಅಳೆಯಿರಿ, 6.8 ಇದ್ದರೆ ಮುಂದುವರಿಯಿರಿ.

ಖರ್ಚಿಲ್ಲದ ಒಂದು ಕೆಲಸವೂ ಇದೆ. ಸುಮ್ನೆ ಒದ್ದೆ ಬಟ್ಟೆಯಲ್ಲಿ ಅಕ್ರಿಲಿಕ್ ಒರೆಸಿದರೆ ಬೇಸ್‌ಮೆಂಟ್‌ನಲ್ಲಿ 6 ಲಕ್ಸ್ ಇದ್ದದ್ದು 9 ಆಯ್ತು. ಒರೆಸುವಾಗ ಗೊತ್ತಾಯಿತು, ಒಂದು ಬೋರ್ಡ್‌ನಲ್ಲಿ "ನಿರ್ಗಮಾನ" ಅಂತ ಬರೆದಿದೆ. ಇನ್ನೊಂದರ ಬಾಣ ಹೊಸ ಪಾರ್ಟಿಷನ್ ಎದ್ದ ಮೇಲೂ ಹಳೇ ದಾರಿಯನ್ನೇ ತೋರಿಸ್ತಾ ಇತ್ತು, ಆ ಕಡೆ ಈಗ ಇರೋದು ಪ್ಯಾಂಟ್ರಿಯ ಗೋಡೆ. ಏಳು ವರ್ಷದಿಂದ ಎಲ್ಲರೂ ಅದರ ಕೆಳಗೇ ಓಡಾಡಿದ್ದೇವೆ, ನಾನೂ ಸೇರಿ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟ್ ಹೋಗಿ, ಡಿಜಿ ರೂಮಿಗೆ ನೀರು ನುಗ್ಗಿ ಅದನ್ನೂ ನಿಲ್ಲಿಸಬೇಕಾಯ್ತು. ಎಲ್ಲರೂ ಮೆಟ್ಟಿಲಲ್ಲೇ ಇಳಿದರು, ಮುಕ್ಕಾಲು ಗಂಟೆ ಆಯ್ತು. ನಾನು ಗ್ರೌಂಡ್ ಫ್ಲೋರ್ ಬಾಗಿಲಲ್ಲಿ ನಿಂತು ಜನರ ಕೈ ನೋಡ್ತಾ ಇದ್ದೆ. ಮೊಬೈಲ್ ಟಾರ್ಚ್ ಹಚ್ಚಿಕೊಂಡು ಬಂದವರು ಇಬ್ಬರೋ ಮೂವರೋ. ಮ್ಯಾನೇಜರ್ ಇಳಿದು ಬಂದು ಏನೂ ಹೇಳಲಿಲ್ಲ, ಆದರೆ ಮರುದಿನ ಲಕ್ಸ್ ಮೀಟರ್ ಬಿಲ್ ಪಾಸ್ ಆಯ್ತು. ಒಂದು ವರ್ಷದಿಂದ ಪೆಂಡಿಂಗ್ ಇತ್ತು.

ಎರಡನೇ ಬೇಸ್‌ಮೆಂಟ್ ಇನ್ನೂ ಬಗ್ಗಿಲ್ಲ. ತೇವಕ್ಕೆ ಕನೆಕ್ಟರ್ ಹಸಿರುಗಟ್ಟಿ ಪ್ರತಿ ಸುತ್ತಿನಲ್ಲೂ ನಾಲ್ಕೈದು ಫೇಲ್ ಆಗ್ತವೆ. ಕನೆಕ್ಟರ್ ಕಿತ್ತು ನೇರ ಸೋಲ್ಡರ್ ಮಾಡಿ, ಗ್ರೀಸ್ ಬಳಿದಿದ್ದೀನಿ. ಈ ಶನಿವಾರ ಅದರದ್ದೇ ಸರದಿ, ಎ ಸರ್ಕ್ಯೂಟ್.