ಶೆಡ್ಡಿನಲ್ಲಿ ನಿಂತ ಹಳೆಯ ಕಾರನ್ನು ಮತ್ತೆ ಸ್ಟಾರ್ಟ್ ಮಾಡುವುದು ಹೇಗೆ?

ಸೆಲ್ಫ್ ಹೊಡೆದರೆ ‘ಕಟ್’ ಎಂಬ ಒಂದೇ ಸದ್ದು ಬಂದು ಗಾಡಿ ಸುಮ್ಮನಾಗುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮೀಟರಿನ ಮುಳ್ಳು ತಾನಾಗಿಯೇ ಜರುಗುತ್ತಿತ್ತು. ಧಾರವಾಡದ ಮಾಳಮಡ್ಡಿಯ ಮನೆಯ ಶೆಡ್ಡಿನಲ್ಲಿ ಮೂರು ಮಳೆಗಾಲ ತಾಡಪತ್ರಿ ಹೊದ್ದು ನಿಂತಿದ್ದ, ತಂದೆಯವರಿಂದ ನನ್ನ ಪಾಲಿಗೆ ಬಂದ ಅಂಬಾಸಿಡರಿನ ದೂರುಗಳು ಈ ಎರಡು. ಇವು ಬೇರೆ ಬೇರೆ ರೋಗಗಳೆಂದು ತಿಳಿದು ನಾನು ಹೊಸ ಬ್ಯಾಟರಿ ತಂದೆ, ಸೆಲ್ಫ್ ಮೋಟಾರನ್ನು ಬಿಚ್ಚಿಸಿ ರಿಪೇರಿ ಮಾಡಿಸಿದೆ, ಪೆಟ್ರೋಲ್ ಮೀಟರನ್ನೂ ಬದಲಿಸಿದೆ. ಯಾವುದರಿಂದಲೂ ಗುಣ ಕಾಣಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಎರಡೂ ಕಡೆ ಇದ್ದದ್ದು ಒಂದೇ ಜಾತಿಯ ದೋಷ: ಕೆಟ್ಟ ಅರ್ಥಿಂಗ್, ಅಂದರೆ ಕರೆಂಟು ಗಾಡಿಯ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ ಕೆಟ್ಟಿರುವುದು. ಆದ್ದರಿಂದ ಪಾರ್ಟು ಕೊಳ್ಳುವ ಮೊದಲು ಅಳೆದು ನೋಡುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಮಾರಿಸ್ ಆಕ್ಸ್‌ಫರ್ಡ್ ವಂಶದ ಅಂಬಾಸಿಡರಿಗಾಗಲಿ, ಫಿಯೆಟ್ 1100ರ ವಂಶದ ಪದ್ಮಿನಿಗಾಗಲಿ ಈ ಕ್ರಮ ಒಂದೇ.

ಕೀಲಿ ತಿರುಗಿಸುವ ಮೊದಲು

ವರ್ಷಗಟ್ಟಲೆ ನಿಂತ ಗಾಡಿಗೆ ಬ್ಯಾಟರಿ ಜೋಡಿಸಿ ಕೂಡಲೇ ಸೆಲ್ಫ್ ಹೊಡೆಯುವುದು ತಪ್ಪು. ಮೊದಲು ಬಾನೆಟ್ ತೆರೆದು, ಇಲಿಗಳು ವೈರ್‌ಗಳನ್ನು ಕಡಿದಿವೆಯೇ, ಏರ್ ಕ್ಲೀನರಿನಲ್ಲಿ ಗೂಡು ಕಟ್ಟಿವೆಯೇ ಎಂದು ನೋಡಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೆಯೇ ಇಡಬೇಕು. ಮರುದಿನ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದಾಗ ಇಂಜಿನ್ ಸಲೀಸಾಗಿ ತಿರುಗಿದರೆ ಮುಂದಿನ ಕೆಲಸಕ್ಕೆ ಅಡ್ಡಿಯಿಲ್ಲ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ. ಇಂಜಿನ್ ಹಿಂದಕ್ಕೆ ಒದ್ದು ಹೆಬ್ಬೆರಳು ಮುರಿದುಕೊಂಡ ಹಳೆಯ ಡ್ರೈವರುಗಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ.

ಹಳೆಯ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಬೇಕು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ತೇವವನ್ನು ಹೀರಿಕೊಳ್ಳುವುದಲ್ಲದೆ ಹಳೆಯ ಕಾಲದ ರಬ್ಬರನ್ನೂ ತಿನ್ನುವುದರಿಂದ, ಪೆಟ್ರೋಲ್ ಪೈಪುಗಳನ್ನು ಮತ್ತು ಪಂಪಿನ ಡಯಾಫ್ರಾಮನ್ನು (ಪಂಪಿನೊಳಗಿನ ಪೊರೆಯನ್ನು) ಈಗಿನ ಪೆಟ್ರೋಲಿಗೆ ತಾಳುವಂಥವುಗಳಿಗೆ ಬದಲಿಸಿಬಿಡುವುದು ಲೇಸು.

ಬ್ಯಾಟರಿ ಜೋಡಿಸುವಾಗ ಒಂದು ಎಚ್ಚರ. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಪ್ಲಸ್ ತುದಿಯನ್ನೇ ಗಾಡಿಯ ಬಾಡಿಗೆ, ಅಂದರೆ ಲೋಹದ ಮೈಗೆ, ಜೋಡಿಸುವ ಪದ್ಧತಿ ಇತ್ತು. ವೈರಿನ ಬಣ್ಣವನ್ನು ನಂಬದೆ, ಬಾಡಿಗೆ ಹೋಗುವ ದಪ್ಪ ಕೇಬಲ್ ಯಾವ ತುದಿಗೆ ಸೇರಿತ್ತೆಂಬುದನ್ನು ಹಳೆಯ ಬ್ಯಾಟರಿ ತೆಗೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಸೆಲ್ಫ್ ಏಕೆ ತಿರುಗುವುದಿಲ್ಲ?

ಬೇಕಾದ ಮುಖ್ಯ ಸಾಧನ ಒಂದು ಮಲ್ಟಿಮೀಟರ್. ಸಾಮಾನ್ಯವಾದ ಅಗ್ಗದ ಮೀಟರೇ ಈ ಕೆಲಸಕ್ಕೆ ಸಾಕು. ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ, ಕೆಲವು ಗಂಟೆ ಸುಮ್ಮನಿದ್ದ ಮೇಲೆ, ಸುಮಾರು 12.6 ವೋಲ್ಟ್ ತೋರಿಸಬೇಕು, 12.0ರ ಆಸುಪಾಸಿನಲ್ಲಿದ್ದರೆ ಅದು ಬಹುತೇಕ ಖಾಲಿ ಎಂದರ್ಥ. ನಂತರ, ಇಂಜಿನ್ ಹೊತ್ತಿಕೊಳ್ಳದಂತೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕೊಡುವ ಕಾಯಿಲ್‌ಗೆ ಬರುವ ತೆಳುವಾದ ವೈರನ್ನು ಕಳಚಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಬ್ಯಾಟರಿಯನ್ನೇ ಅಳೆಯಬೇಕು. ಆಗ ವೋಲ್ಟೇಜು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಸೆಲ್ಫ್ ಎಲ್ಲಿಯೋ ಬಿಗಿದಿದೆ.

ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯುವುದು ಇನ್ನೊಂದು ಸುಲಭ ಪರೀಕ್ಷೆ. ದೀಪಗಳು ಪೂರ್ತಿ ಮಂಕಾದರೆ ಮೇಲಿನ ಕಾರಣಗಳೇ ಇರಬೇಕು. ದೀಪಗಳು ಅಲುಗದೆ ಉರಿಯುತ್ತಿದ್ದು ಸೆಲ್ಫ್ ಮಾತ್ರ ಮೌನವಾಗಿದ್ದರೆ, ಕರೆಂಟು ಸೆಲ್ಫಿನವರೆಗೆ ತಲುಪುತ್ತಲೇ ಇಲ್ಲ. ಸ್ವಿಚ್, ಸೋಲೆನಾಯ್ಡ್ (ಸೆಲ್ಫಿಗೆ ಕರೆಂಟು ಬಿಡುವ ದಪ್ಪ ಸ್ವಿಚ್ಚು) ಅಥವಾ ಜೋಡಣೆಗಳಲ್ಲಿ ದೋಷವಿದೆ. ಸೆಲ್ಫಿನ ಹಲ್ಲು ಇಂಜಿನ್ನಿನ ಹಲ್ಲಿನ ದೊಡ್ಡ ಚಕ್ರವಾದ ಫ್ಲೈವ್ಹೀಲಿಗೆ ಸಿಕ್ಕಿಕೊಂಡಿದ್ದರೆ, ಕೀಲಿ ತೆಗೆದು ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದೆ ಮುಂದೆ ಅಲುಗಿಸಿದಾಗ ಅದು ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ.

‘ಹೆಡ್‌ಲೈಟು ಬೆಳ್ಳಗೆ ಉರಿಯುತ್ತದೆ, ಅರ್ಥಿಂಗ್ ಸರಿಯಿದೆ’ ಎಂಬ ಮಾತನ್ನು ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಕೇಳಿದ್ದೇನೆ. ಇದು ತಪ್ಪು ತೀರ್ಮಾನ. 45 ವ್ಯಾಟಿನ ಎರಡು ಹೆಡ್‌ಲೈಟುಗಳು ಎಳೆಯುವುದು ಏಳೆಂಟು ಆಂಪಿಯರ್. ಸೆಲ್ಫ್ ಎಳೆಯುವುದು ನೂರಕ್ಕೂ ಹೆಚ್ಚು. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ತಡೆಯಿದ್ದರೂ ದೀಪಗಳಿಗೆ ನಷ್ಟವಾಗುವುದು 0.08 ವೋಲ್ಟಿಗಿಂತ ಕಡಿಮೆ, ಅದು ಕಣ್ಣಿಗೆ ಕಾಣುವುದಿಲ್ಲ. ಅದೇ ಜೋಡಣೆ 150 ಆಂಪಿಯರ್ ಎಳೆಯುವ ಸೆಲ್ಫಿನಿಂದ ಒಂದೂವರೆ ವೋಲ್ಟನ್ನು ಕಿತ್ತುಕೊಳ್ಳುತ್ತದೆ.

ಆದ್ದರಿಂದ ಅರ್ಥಿಂಗನ್ನು ಸೆಲ್ಫ್ ಹೊಡೆಯುವಾಗಲೇ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ತುದಿಗೆ (ಕ್ಲಾಂಪಿಗಲ್ಲ, ಸೀಸದ ತುದಿಗೇ) ಒತ್ತಿ, ಇನ್ನೊಂದನ್ನು ಇಂಜಿನ್ನಿನ ಶುಭ್ರವಾದ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ನನ್ನ ಗಾಡಿ ಎರಡು ವೋಲ್ಟಿಗೂ ಹೆಚ್ಚು ತೋರಿಸಿತು. ಇಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗುಗಳ ಮೇಲೆ; ರಬ್ಬರು ಕರೆಂಟನ್ನು ಹಾಯಿಸದ ಕಾರಣ, ಇಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕೊಟ್ಟಿರುತ್ತಾರೆ. ನನ್ನ ಗಾಡಿಯಲ್ಲಿ ಅದು ಹಸಿರುಗಟ್ಟಿ, ಎರಡು ಮೂರು ಎಳೆಗಳಲ್ಲಿ ಜೋತಾಡುತ್ತಿತ್ತು. ಸೆಲ್ಫಿನ ಕರೆಂಟು ಬೇರೆ ದಾರಿ ಕಾಣದೆ ಚೋಕ್ ಕೇಬಲಿನ ಮೂಲಕ ಮರಳುತ್ತಿದ್ದುದರಿಂದ ಆ ಕೇಬಲು ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಸೆಲ್ಫ್ ಹೊಡೆದ ಮೇಲೆ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲು ಬಿಸಿಯಾದರೆ ಇನ್ನು ಬೇರೆ ಸಾಕ್ಷಿ ಬೇಕಿಲ್ಲ. ಹೊಸ ಪಟ್ಟಿ ಹಾಕುವಾಗ ಎರಡೂ ಕಡೆಯ ಬಣ್ಣ ಮತ್ತು ತುಕ್ಕನ್ನು ಪಾಲಿಶ್ ಪೇಪರಿನಿಂದ ಕೆರೆದು, ಬಿಗಿದ ಮೇಲೆ ವ್ಯಾಸಲೀನ್ ಸವರಬೇಕು.

ಬ್ಯಾಟರಿಯ ಇನ್ನೊಂದು ತುದಿಯಿಂದ ಸೆಲ್ಫಿನ ಬೋಲ್ಟಿನವರೆಗೂ ಇದೇ ಪರೀಕ್ಷೆ ಮಾಡಬೇಕು, ಮಿತಿಯೂ ಅದೇ.

ಸೆಲ್ಫ್ ತಿರುಗಿದರೂ ಇಂಜಿನ್ ಹೊತ್ತಿಕೊಳ್ಳದಿದ್ದರೆ

ಇಲ್ಲಿ ನೋಡಬೇಕಾದವು ಎರಡೇ: ಕಿಡಿ ಮತ್ತು ಪೆಟ್ರೋಲು. ಕಳಚಿಟ್ಟಿದ್ದ ಕಾಯಿಲಿನ ವೈರನ್ನು ಮತ್ತೆ ಜೋಡಿಸಿ, ಪ್ಲಗ್ಗನ್ನು ಅದರ ವೈರಿಗೆ ಸಿಕ್ಕಿಸಿ, ಪೆಟ್ರೋಲಿನಿಂದ ದೂರದಲ್ಲಿ ಇಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆದಾಗ ನೀಲಿ ಕಿಡಿ ಚಟಚಟನೆ ಹಾರಬೇಕು. ಹಳದಿಯಾಗಿ ಸೊರಗಿದ್ದರೆ ಸಿ.ಬಿ. ಪಾಯಿಂಟು (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸಂಪರ್ಕ) ಮತ್ತು ಅದರ ಜೊತೆಗಿರುವ ಕಂಡೆನ್ಸರ್ ನೋಡಬೇಕು. ನಿಂತ ಗಾಡಿಯಲ್ಲಿ ಪಾಯಿಂಟಿನ ಮೇಲೆ ತೆಳುವಾದ ಪೊರೆ ಕಟ್ಟುವುದು ಸಹಜ. ಅದನ್ನು ಉಜ್ಜಿ ತೆಗೆದು, ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) 0.4 ಮಿಲಿಮೀಟರಿಗೆ ಹೊಂದಿಸಬೇಕು. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಜಿಟಿಜಿಟಿ ಮಳೆಗೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೆ ತೇವ ಕೂರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಬಿರುಕುಗಳಿವೆಯೇ ನೋಡಬೇಕು. ಪೆಟ್ರೋಲಿನ ಪರೀಕ್ಷೆಗೆ, ಕಾಯಿಲಿನ ವೈರನ್ನು ಮತ್ತೆ ಕಳಚಿ, ಕಾರ್ಬೊರೇಟರಿಗೆ ಬರುವ ಪೈಪನ್ನು ಒಂದು ಸೀಸೆಗೆ ಬಿಟ್ಟು ಸೆಲ್ಫ್ ಹೊಡೆದರಾಯಿತು. ಪೆಟ್ರೋಲು ಚಿಮ್ಮಿ ಚಿಮ್ಮಿ ಬರಬೇಕು.

ಮುಳ್ಳುಗಳ ಮಾತು

ಮೊದಲು ಮುಳ್ಳಿನ ನಡಿಗೆ ನೋಡಿ. ಕೀಲಿ ತಿರುಗಿಸಿದ ಕೂಡಲೇ ಜಿಗಿದು ನಿಲ್ಲುವ ಪೆಟ್ರೋಲ್ ಮುಳ್ಳು ಮೀಟರಿನೊಳಗೇ ವೈರಿನ ಸುರುಳಿಗಳಿರುವ ಹಳೆಯ ಕಾಯಿಲ್ ಮಾದರಿಯದು. ನಿಧಾನವಾಗಿ ಏರುವುದು ಶಾಖದಿಂದ ಬಾಗುವ ಪಟ್ಟಿಯ ಮಾದರಿಯದು. ಈ ಎರಡನೆಯದಕ್ಕೆ ಸಾಮಾನ್ಯವಾಗಿ ಸುಮಾರು 10 ವೋಲ್ಟ್ ಕೊಡುವ ಸ್ಟೆಬಿಲೈಸರ್ ಇರುತ್ತದೆ. ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಮುಳ್ಳುಗಳು ಒಟ್ಟಿಗೇ ಹೆಚ್ಚು ಅಥವಾ ಒಟ್ಟಿಗೇ ಕಡಿಮೆ ತೋರಿಸಿದರೆ ಮೀಟರುಗಳನ್ನು ಬಿಚ್ಚದೆ ಸ್ಟೆಬಿಲೈಸರನ್ನೂ ಅದರ ಅರ್ಥಿಂಗನ್ನೂ ನೋಡಬೇಕು.

ಪೆಟ್ರೋಲ್ ಮುಳ್ಳು ಒಂದೇ ಕೆಟ್ಟಿದ್ದರೆ, ಟ್ಯಾಂಕಿನಿಂದ ಬರುವ ವೈರನ್ನು ಡ್ಯಾಶ್‌ಬೋರ್ಡಿನ ಕಡೆಯಲ್ಲಿ ಕಳಚಿ, ಮೀಟರಿನ ಆ ತುದಿಯನ್ನು ಒಂದೆರಡು ಸೆಕೆಂಡು ಮಾತ್ರ ಬಾಡಿಗೆ ತಾಗಿಸಬೇಕು. ಕಳಚಿದಾಗ ಒಂದು ತುದಿಗೆ, ತಾಗಿಸಿದಾಗ ಇನ್ನೊಂದು ತುದಿಯ ಕಡೆಗೆ ಮುಳ್ಳು ಹೊರಟರೆ ಮೀಟರು ಸರಿಯಿದೆ. ದೋಷ ವೈರಿನಲ್ಲೋ ಟ್ಯಾಂಕಿನಲ್ಲಿ ಪೆಟ್ರೋಲಿನ ಮಟ್ಟ ಅಳೆಯುವ ಫ್ಲೋಟ್ ಯೂನಿಟ್ಟಿನಲ್ಲೋ ಇದೆ. ಪೆಟ್ರೋಲ್ ಆವಿಯಿರುವ ಟ್ಯಾಂಕಿನ ಬಳಿ ಈ ಪರೀಕ್ಷೆ ಮಾಡಬಾರದು. ಅನಂತರ ಬ್ಯಾಟರಿ ಕಳಚಿ, ಫ್ಲೋಟ್ ಯೂನಿಟ್ಟಿನ ಲೋಹದಿಂದ ಚಾಸಿಗೆ ಒಂದು ವೈರ್ ಬಿಗಿದು, ಬ್ಯಾಟರಿ ಮತ್ತೆ ಜೋಡಿಸಿ ನೋಡಿ. ನನ್ನ ಗಾಡಿಯ ಮುಳ್ಳು ಇಷ್ಟಕ್ಕೇ ಸರಿಹೋಯಿತು: ಹಿಂದಿನ ದೀಪಗಳೂ ಫ್ಲೋಟ್ ಯೂನಿಟ್ಟೂ ಒಂದೇ ತುಕ್ಕು ಹಿಡಿದ ಸ್ಕ್ರೂವಿನ ಮೂಲಕ ಅರ್ಥ್ ಪಡೆಯುತ್ತಿದ್ದುದರಿಂದ ದೀಪ ಹಾಕಿದಾಗಲೆಲ್ಲ ಮುಳ್ಳು ಜರುಗುತ್ತಿತ್ತು.

ಟೆಂಪರೇಚರ್ ಸೆನ್ಸರ್ ಸಿಲಿಂಡರ್ ಹೆಡ್ಡಿಗೆ ತನ್ನ ತಿರುಪಿನ ಸುತ್ತುಗಳ (ಥ್ರೆಡ್) ಮೂಲಕವೇ ಅರ್ಥ್ ಪಡೆಯುತ್ತದೆ. ನೀರು ಸೋರದಿರಲೆಂದು ಸುತ್ತುವ ಟೆಫ್ಲಾನ್ ಟೇಪು ಆ ದಾರಿಯನ್ನೇ ಕಟ್ಟಿಬಿಡಬಹುದು. ಚಾರ್ಜಿಂಗ್ ದೀಪ ಆರದಿದ್ದರೆ ಮೊದಲು ಫ್ಯಾನ್ ಬೆಲ್ಟ್ ನೋಡಿ. ಇಂಜಿನ್ ತುಸು ವೇಗವಾಗಿ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಆಸುಪಾಸು ಇರಬೇಕು. ಡೈನಮೋ ಇರುವ ಗಾಡಿಯಲ್ಲಿ ನಿಧಾನಗತಿಯಲ್ಲಿ ಆ ದೀಪ ಮಿಣುಕುವುದು ದೋಷವಲ್ಲ. ಸ್ಪೀಡೋಮೀಟರಿನ ಮುಳ್ಳು ಕುಣಿದರೆ ಕೇಬಲು ಒಣಗಿದೆ, ಸ್ವಲ್ಪ ಗ್ರೀಸು ಸಾಕು.

ಆಯಿಲ್ ದೀಪಕ್ಕೆ ಮಾತ್ರ ಈ ಸಮಾಧಾನ ಸಲ್ಲದು. ಇಂಜಿನ್ ಓಡುವಾಗ ಅದು ಹೊತ್ತಿಕೊಂಡರೆ ವೈರನ್ನು ಅನುಮಾನಿಸುತ್ತ ಕೂರದೆ ಕೂಡಲೇ ಇಂಜಿನ್ ಆರಿಸಿ, ಆಯಿಲಿನ ಮಟ್ಟ ನೋಡಿ, ಆ ದೀಪದ ಆಯಿಲ್ ಸ್ವಿಚ್ಚಿನ ಜಾಗದಲ್ಲಿ ಪ್ರೆಷರ್ ಗೇಜ್ ಹಾಕಿ ಒತ್ತಡ ಅಳೆಸುವವರೆಗೆ ಮತ್ತೆ ಸ್ಟಾರ್ಟ್ ಮಾಡಬಾರದು.