ಬ್ಲೈಂಡ್ ಕದಿಯುವುದು, ಬ್ಲೈಂಡ್ ಕಾಯುವುದು: ನಾಲ್ಕು ಜನರ ಲಿಮಿಟ್ ಪೋಕರ್‌ಗೆ ಹುಣಸೆ ಬೀಜದ ಲೆಕ್ಕ

ಯುಗಾದಿಯ ಹೊತ್ತಿಗೆ ತುಮಕೂರಿನ ಸುತ್ತಮುತ್ತಲ ಮನೆಗಳಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸವೂ ಇಸ್ಪೀಟಿನ ಆಟವೂ ಒಟ್ಟಿಗೇ ನಡೆಯುವುದರಿಂದ, ಲಿಮಿಟ್ ಹೋಲ್ಡೆಮ್ ಪೋಕರ್ ಕಲಿಯಲು ಬೇಕಾದ ಬಿಲ್ಲೆಗಳನ್ನು ಯಾರೂ ಕೊಂಡು ತರಬೇಕಿಲ್ಲ. ವರ್ಷತೊಡಕಿನ ಊಟ ಮುಗಿಸಿ ನಮ್ಮ ಹಜಾರದಲ್ಲಿ ನಾಲ್ಕು ಜನ ಈ ಆಟಕ್ಕೆ ಕೂರುವುದನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಪ್ರತಿ ವರ್ಷವೂ ಬೀಜಗಳು ಒಂದೇ ಕಡೆ ಸೋರುತ್ತವೆ: ಎಲೆ ನೋಡುವ ಮೊದಲೇ ಕಟ್ಟಬೇಕಾದ ದೊಡ್ಡ ಪಣ, ಅಂದರೆ ಬಿಗ್ ಬ್ಲೈಂಡ್ ಕಟ್ಟಿದವರ ಮುಂದಿನ ಗುಡ್ಡೆಯಿಂದ.

ಲಿಮಿಟ್ ಹೋಲ್ಡೆಮ್‌ನಲ್ಲಿ ಪಣದ ಅಳತೆ ಮೊದಲೇ ಗೊತ್ತುಮಾಡಿದ್ದು. ತಲೆಗೆ ಎರಡು ಎಲೆ ಕೈಗೆ ಬರುತ್ತವೆ, ಎಲ್ಲರಿಗೂ ಸೇರಿದ ಐದು ಎಲೆ ನೆಲಕ್ಕೆ ಬೀಳುತ್ತವೆ: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಸಿದ್ಧತೆ ಸುಲಭ. ತಲೆಗೆ ನೂರು ಬೀಜ ಹಂಚಿ. ಸ್ಮಾಲ್ ಬ್ಲೈಂಡ್ ಒಂದು ಬೀಜ, ಬಿಗ್ ಬ್ಲೈಂಡ್ ಎರಡು. ಫ್ಲಾಪ್‌ಗೆ ಮುಂಚೆ ಮತ್ತು ಫ್ಲಾಪ್‌ನಲ್ಲಿ ಪಣ ಎರಡು ಬೀಜದ ಲೆಕ್ಕದಲ್ಲಿ, ಟರ್ನ್ ಮತ್ತು ರಿವರ್‌ನಲ್ಲಿ ನಾಲ್ಕರ ಲೆಕ್ಕದಲ್ಲಿ ಏರುತ್ತದೆ. ಚೌಕಾಬಾರಕ್ಕೆಂದು ತೇಯ್ದಿಟ್ಟ ಬೀಜಗಳನ್ನು ಇದರಲ್ಲಿ ಬೆರೆಸಬೇಡಿ, ಆಮೇಲೆ ಮನೆಯ ಹೆಂಗಸರಿಗೆ ಉತ್ತರ ಹೇಳಬೇಕಾಗುತ್ತದೆ. ಅಗ್ಗದ ಕಾಗದದ ಕಟ್ಟನ್ನಂತೂ ತರಲೇಬೇಡಿ. ಕೋಡುಬಳೆಯ ಎಣ್ಣೆ ಒಮ್ಮೆ ತಾಗಿತೆಂದರೆ ಯಾವ ಎಲೆ ಎಕ್ಕ ಎಂಬುದು ಬೆನ್ನಿನಿಂದಲೇ ತಿಳಿದುಬಿಡುತ್ತದೆ. ಹಣವಿಟ್ಟು ಆಡುವ ಮಾತು ಬೇಡ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಮನೆಯೊಳಗೆ ಹಣವಿಟ್ಟರೆ ಅಣ್ಣತಮ್ಮಂದಿರ ಲೆಕ್ಕ ಮುಂದಿನ ಯುಗಾದಿಗೂ ತೀರುವುದಿಲ್ಲ.

ಮೂರೆಲೆ ಆಡಿ ಬಂದವರಿಗೆ ಒಂದು ಸೂಚನೆ: ಅಲ್ಲಿ ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವುದು. ಇಲ್ಲಿ ಅದು ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಬೀಜ. ಬಟನ್‌ನ, ಅಂದರೆ ಆ ಸಲ ಎಲೆ ಹಂಚುವವರ ಜಾಗದ, ಎಡಕ್ಕೆ ಕುಳಿತವರದು ಸ್ಮಾಲ್ ಬ್ಲೈಂಡ್, ಅವರ ಪಕ್ಕದವರದು ಬಿಗ್ ಬ್ಲೈಂಡ್. ಒಂಬತ್ತು ಜನರಿದ್ದರೆ ಈ ಸರದಿ ತಡವಾಗಿ ಬರುತ್ತದೆ. ನಾಲ್ವರೇ ಇದ್ದಾಗ ಪ್ರತಿ ನಾಲ್ಕು ಹಂಚಿಕೆಗೆ ಮೂರು ಬೀಜ ಕೈಬಿಡುವುದರಿಂದ, ಒಳ್ಳೆಯ ಎಲೆಗಾಗಿ ಕಾಯುತ್ತಾ ಕುಳಿತವರು ಕಾಯುತ್ತಲೇ ಕರಗುತ್ತಾರೆ.

ಮೊದಲು ಕದಿಯುವ ಬಗೆ, ಅಂದರೆ ಪಣ ಏರಿಸಿ, ಉಳಿದವರು ಎಲೆ ಬಿಡುವಂತೆ ಮಾಡಿ ಆ ಬ್ಲೈಂಡ್ ಬೀಜಗಳನ್ನು ಗೆಲ್ಲುವುದು. ನೀವು ಬಟನ್‌ನಲ್ಲಿದ್ದು, ನಿಮ್ಮ ಮುಂಚಿನವರು ಎಲೆ ಬಿಟ್ಟಿದ್ದರೆ, ನಾಲ್ಕು ಬೀಜಕ್ಕೆ ರೈಸ್ ಮಾಡಿ, ಅಂದರೆ ಪಣ ಏರಿಸಿ. ಬರಿಯ ಎರಡು ಬೀಜ ಹಾಕಿ ಒಳಗೆ ನುಸುಳುವುದು ಬೇಡ, ಅದರಿಂದ ಯಾರೂ ಎಲೆ ಬಿಡುವುದಿಲ್ಲ. ನಾಲ್ಕನ್ನು ಒಡ್ಡಿ ಮೂರನ್ನು ಗೆಲ್ಲಲು ಹೊರಟಾಗ, ಇಬ್ಬರೂ ಏಳರಲ್ಲಿ ನಾಲ್ಕು ಸಲ, ಅಂದರೆ ಶೇ 57ರಷ್ಟು ಸಲ ಬಿಟ್ಟರೆ ಮುಂದಿನ ಎಲೆಗಳನ್ನು ನೋಡದೆಯೂ ಅಸಲು ಹುಟ್ಟುತ್ತದೆ. ಜಾಣರು ಅಷ್ಟು ಸಲ ಬಿಡುವುದಿಲ್ಲವಾದ್ದರಿಂದ ಎಲೆಯಲ್ಲಿ ಸ್ವಲ್ಪ ಜೀವವಿರಬೇಕು. ಯಾವುದೇ ಜೋಡಿ, ಯಾವುದೇ ಎಕ್ಕ, ಎಂಟರ ಮೇಲಿನ ಎಲೆ ಜೊತೆಗಿರುವ ರಾಜ ಅಥವಾ ರಾಣಿ, ಒಂದೇ ಬಣ್ಣದ (ಎರಡೂ ಕಳಾವರ್, ಎರಡೂ ಇಸ್ಪೀಟ್ ಹೀಗೆ) ಅಕ್ಕಪಕ್ಕದ ಎಲೆಗಳು: ಇಷ್ಟು ನನಗೆ ಸಾಕು.

ಸ್ಮಾಲ್ ಬ್ಲೈಂಡ್‌ನಲ್ಲಿದ್ದಾಗ ಬಟನ್‌ನವರು ರೈಸ್ ಮಾಡಿದರೆ, ಮತ್ತೆ ಏರಿಸಿ ಆರಕ್ಕೆ ಒಯ್ಯಿರಿ, ಇಲ್ಲವೇ ಎಲೆ ಬಿಡಿ. ಮೂರು ಬೀಜ ಸೇರಿಸಿ ಸುಮ್ಮನೆ ಕಾಲ್ ಮಾಡಿದರೆ (ಅವರ ಪಣಕ್ಕೆ ಸರಿಸಮ ಇಟ್ಟರೆ) ನಿಮ್ಮ ಹಿಂದಿರುವ ಬಿಗ್ ಬ್ಲೈಂಡ್‌ಗೆ ಎರಡೇ ಬೀಜದಲ್ಲಿ ಹತ್ತರ ರಾಶಿಗೆ ಬಾಗಿಲು ತೆರೆದುಕೊಟ್ಟಂತೆ. ಆರಕ್ಕೆ ಏರಿಸಿದರೆ ಅವರೂ ನಾಲ್ಕು ತೆರಬೇಕಾಗುತ್ತದೆ.

ಎಲ್ಲರೂ ಎಡವುವುದು ಬಿಗ್ ಬ್ಲೈಂಡ್ ಕಾಯುವಾಗ. ಬಟನ್‌ನವರು ನಾಲ್ಕಕ್ಕೆ ಏರಿಸಿ, ಸ್ಮಾಲ್ ಬ್ಲೈಂಡ್ ಬಿಟ್ಟುಹೋದ ಮೇಲೆ ನಡುವೆ ಏಳು ಬೀಜಗಳಿರುತ್ತವೆ, ನೀವು ಸೇರಿಸಬೇಕಾದ್ದು ಎರಡು. ಒಂಬತ್ತರಲ್ಲಿ ಎರಡು, ಅಂದರೆ ಶೇ 22ರಷ್ಟು ಗೆಲ್ಲುವ ಭರವಸೆ ಇದ್ದರೆ ಸಾಕು. ನಮ್ಮ ಚಿಕ್ಕಪ್ಪ ಇಲ್ಲಿ ‘ಎಲೆ ಚೆನ್ನಾಗಿಲ್ಲ ಕಣಯ್ಯ’ ಎಂದು ಬಿಸಾಡುತ್ತಾರೆ. ಎಲೆ ಚೆನ್ನಾಗಿದೆಯೇ ಎಂಬುದಲ್ಲ, ಕೇಳಿದ ಬೆಲೆಗೆ ಸಾಲುತ್ತದೆಯೇ ಎಂಬುದು ಪ್ರಶ್ನೆ. ಆದರೆ ಫ್ಲಾಪ್ ಬಿದ್ದ ಮೇಲೆ ಪ್ರತಿ ಸುತ್ತಿನಲ್ಲೂ ನೀವೇ ಮೊದಲು ಆಡಬೇಕಾದ್ದರಿಂದ ಶೇ 22ರ ಗೆರೆಗೆ ಅಂಟಿಕೊಂಡು ಕುಳಿತ ಎಲೆ ಸಾಲದು. ಬಣ್ಣ ಬೇರೆಯಾದ ಏಳು-ಎರಡು, ಎಂಟು-ಮೂರು, ಗುಲಾಮ-ಎರಡು ಮುಂತಾದವನ್ನು ಬಿಡಿ, ಉಳಿದ ಬಹುಪಾಲನ್ನು ಉಳಿಸಿಕೊಳ್ಳಿ. ಎಕ್ಕದ ಜೊತೆ ದೊಡ್ಡ ಎಲೆಯೋ ಒಳ್ಳೆಯ ಜೋಡಿಯೋ ಇದ್ದರೆ ಕಾಲ್ ಸಾಲದು, ಆರಕ್ಕೆ ಏರಿಸಿ.

ಎರಡು ಬೀಜ ಕೊಟ್ಟು ಒಳಗೆ ಬಂದವರು ಅಷ್ಟಕ್ಕೇ ಧೈರ್ಯ ಕಳೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಜೋಡಿಯಲ್ಲದ ಎರಡು ಎಲೆಗಳಿಗೆ ಫ್ಲಾಪ್‌ನಲ್ಲಿ ಜೋಡಿಯಾದರೂ ಸಿಗುವುದು ಸುಮಾರು ಮೂರರಲ್ಲಿ ಒಂದು ಸಲ. ಆಗ ನಡುವೆ ಒಂಬತ್ತು ಬೀಜ. ನೀವು ಚೆಕ್ (ಪಣ ಇಡದೆ ಸರದಿ ದಾಟಿಸುವುದು) ಎಂದೊಡನೆ ಬಟನ್‌ನವರು ಎರಡು ಇಡುತ್ತಾರೆ. ಎರಡಕ್ಕೆ ಒಂಬತ್ತು ಸಿಗುವುದಾದರೆ ನೀವು ಹನ್ನೊಂದರಲ್ಲಿ ಎರಡು ಸಲ ಬಿಟ್ಟರೂ ಅವರ ಕೈಯಲ್ಲಿ ಏನೂ ಇಲ್ಲದೆ ಅಸಲು ಬಂದಂತೆ. ಜೋಡಿ ಸಿಗದಾಗಲೆಲ್ಲ ಬಿಡುವವರು ಮೂರರಲ್ಲಿ ಎರಡು ಸಲ ಬಿಡುತ್ತಿದ್ದಾರೆ. ಕಳ್ಳನಿಗೆ ಕದ ತೆರೆದಿಟ್ಟು ಕೊಟ್ಟಿಗೆ ಕಾಯುವ ಪರಿ ಇದು.

ಒಂದು ಕೈಯನ್ನು ನೋಡೋಣ. ನಿಮ್ಮಲ್ಲಿ ಕಳಾವರ್ ಗುಲಾಮ ಮತ್ತು ಕಳಾವರ್ ಎಂಟು ಇವೆ. ನೆಲಕ್ಕೆ ಡೈಮಂಡ್ ಹತ್ತು, ಕಳಾವರ್ ಐದು, ಇಸ್ಪೀಟ್ ಎರಡು ಬಿದ್ದಿವೆ. ಜೋಡಿಯಿಲ್ಲ, ಆದರೂ ಎರಡು ಬೀಜ ಕೊಡಿ, ಏಕೆಂದರೆ ಹದಿಮೂರರಲ್ಲಿ ಎರಡರ ಬೆಲೆಗೆ ನೆಲದ ಎಲೆಗಳಿಗಿಂತ ಮೇಲಿನ ಗುಲಾಮನೂ, ಇನ್ನೂ ಎರಡೆರಡು ಎಲೆ ಬೇಕಾದ ಬಣ್ಣ (ಒಂದೇ ಬಣ್ಣದ ಐದು ಎಲೆ), ಸಾಲುಗಳ (ಕ್ರಮವಾಗಿ ಬರುವ ಐದು ಎಲೆ) ಆಸೆಯೂ ಸಾಕಾಗುತ್ತವೆ. ಟರ್ನ್‌ನಲ್ಲಿ ಕಳಾವರ್ ಒಂಬತ್ತು ಬಂದರೆ, ಬಣ್ಣ ತುಂಬುವ ಒಂಬತ್ತು ಎಲೆಗಳೂ ಸಾಲು ತುಂಬುವ ಎಂಟೂ ಸೇರಿ, ಎರಡು ಕಡೆಗೂ ಲೆಕ್ಕಕ್ಕೆ ಬಂದ ಎರಡನ್ನು ಕಳೆದು, ಉಳಿದ 46ರಲ್ಲಿ ಹದಿನೈದು ಎಲೆ ನಿಮ್ಮವು. ಸಂಬಂಧವಿಲ್ಲದ ಎಲೆ ಬಂದು ಎದುರಿನವರು ಮತ್ತೆ ಪಣ ಇಟ್ಟರೆ ಆಗ ಬಿಡಿ, ಏಕೆಂದರೆ ಅಲ್ಲಿಂದ ಪಣ ನಾಲ್ಕು ಬೀಜದ್ದು, ಬೆಲೆಯೂ ಶೇ 19ಕ್ಕೆ ಏರಿರುತ್ತದೆ. ಫ್ಲಾಪ್‌ನಲ್ಲಿ ಮೇಲಿನ ಅಥವಾ ನಡುವಿನ ಜೋಡಿಯಾಗಲಿ, ಬಣ್ಣಕ್ಕೆ ಒಂದೇ ಎಲೆ ಬಾಕಿಯಿರುವ ಕೈಯಾಗಲಿ ಸಿಕ್ಕರೆ ಚೆಕ್ ಎಂದು, ಅವರು ಪಣ ಇಟ್ಟ ಮೇಲೆ ನಾಲ್ಕಕ್ಕೆ ಏರಿಸಿ. ಮೊದಲೇ ನೀವು ಪಣ ಇಟ್ಟುಬಿಟ್ಟರೆ, ಏನೂ ಇಲ್ಲದವರು ಅಗ್ಗವಾಗಿ ಪಾರಾಗುತ್ತಾರೆ.

ಚಿಕ್ಕ ಜೋಡಿ ಹಿಡಿದು ಕಾಲ್ ಮಾಡುತ್ತಲೇ ರಿವರ್‌ವರೆಗೆ ಬಂದಿದ್ದರೆ ಕೊನೆಯ ನಾಲ್ಕು ಬೀಜಕ್ಕೆ ಹಿಂಜರಿಯಬೇಡಿ. ಆ ಹೊತ್ತಿಗೆ ಅವರ ಪಣವೂ ಸೇರಿ ನಡುವೆ 25 ಬೀಜಗಳಿರುತ್ತವೆ. ಕದಿಯಲು ಬಂದವರು ಏಳರಲ್ಲಿ ಒಂದು ಸಲ ಬರಿಗೈಯಲ್ಲಿ ಸಿಕ್ಕಿಬಿದ್ದರೂ ನೀವು ಕೊಟ್ಟ ಬೀಜ ಮನೆಗೆ ಬಂದಿರುತ್ತದೆ.