ಟ್ರೇಲರ್ ಕಂಪನಿಯದು, ದಾಖಲೆ ನಿಮ್ಮದು: ಅಮೆರಿಕದಲ್ಲಿ ಲಾರಿ ಓಡಿಸುವ ಕನ್ನಡಿಗರಿಗೆ

ಊರಲ್ಲಾದರೆ ಲಾರಿ ಹೊರಡುವ ಮುಂಚೆ ಕ್ಲೀನರ್ ಟಯರಿಗೆ ಬಡಿದು ಗಾಳಿ ನೋಡುತ್ತಾನೆ. ಅಮೆರಿಕದಲ್ಲಿ ಕ್ಲೀನರ್ ಇಲ್ಲ, ಟ್ರೇಲರ್ ಕೂಡ ದಿನಕ್ಕೊಂದು. ಯಾರೋ ಯಾರ್ಡಿನಲ್ಲಿ ಬಿಟ್ಟುಹೋದದ್ದನ್ನು ಸಿಕ್ಕಿಸಿಕೊಂಡು ಹೊರಡಬೇಕು. ಲಾರಿ ತೂಗಿ ತಪಾಸಣೆ ಮಾಡುವ ವೇ ಸ್ಟೇಷನ್ನಿನಲ್ಲಿ ಅದರ ಬ್ರೇಕ್ ಸರಿಯಿಲ್ಲವೆಂದು ಸಿಕ್ಕಿಬೀಳುವವರು ಮಾತ್ರ ನೀವು.

ಫೆಡರಲ್ ನಿಯಮ 396.3ರ ಪ್ರಕಾರ ವಾಹನದ ನಿರ್ವಹಣೆ ಕಂಪನಿಯ ಹೊಣೆ. ಆದರೆ 392.7 ಹೇಳುವುದು ಬೇರೆ: ಬ್ರೇಕ್, ಟಯರ್, ದೀಪ, ಟ್ರೇಲರ್ ಜೋಡಣೆ ಸರಿಯಿದೆ ಎಂದು ಚಾಲಕನಿಗೆ ಖಾತ್ರಿಯಾಗದೆ ಗಾಡಿ ಓಡಿಸುವಂತಿಲ್ಲ. ಕೆಡಿಸಿದವರು ಯಾರೇ ಇರಲಿ, ನೋಡದೆ ಹೊರಟ ತಪ್ಪು ನಿಮ್ಮದಾಗುತ್ತದೆ. ರಸ್ತೆ ತಪಾಸಣೆಯ ಫಲಿತಾಂಶ ನಿಮ್ಮ ಪಿಎಸ್‌ಪಿ ದಾಖಲೆಯಲ್ಲಿ (ಚಾಲಕನ ಸುರಕ್ಷತಾ ಇತಿಹಾಸ) 3 ವರ್ಷ, ಅಪಘಾತದ ವಿವರ 5 ವರ್ಷ ಉಳಿಯುತ್ತದೆ. ಕೆಲಸ ಬದಲಿಸುವಾಗ ಹೊಸ ಕಂಪನಿ ನಿಮ್ಮ ಒಪ್ಪಿಗೆ ಪಡೆದು ತೆರೆದು ನೋಡುವುದು ಇದನ್ನೇ.

ಹೆಚ್ಚು ಜನ ಸಿಕ್ಕಿಬೀಳುವುದು ಬ್ರೇಕಿನಲ್ಲಿ. ಐದು ಆಕ್ಸಲ್‌ಗಳ ಗಾಡಿಗೆ 10 ಬ್ರೇಕ್. ಶೇ. 20ರಷ್ಟು ಕೆಟ್ಟಿದ್ದರೆ, ಅಂದರೆ ಬರೀ ಎರಡು ಬ್ರೇಕ್ ಕೆಟ್ಟಿದ್ದರೆ, ತಪಾಸಣೆಯವರು ಗಾಡಿಯನ್ನು ಅಲ್ಲೇ ನಿಲ್ಲಿಸುತ್ತಾರೆ. ಅಳೆಯುವ ಬಗೆ ಹೀಗೆ: ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಅಡೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಎಂಜಿನ್ ಆರಿಸಿ. ಬ್ರೇಕನ್ನು ತಳ್ಳುವ ಸರಳು (ಪುಶ್‌ರಾಡ್) ಗಾಳಿ ತುಂಬುವ ಡಬ್ಬಿಯಿಂದ (ಚೇಂಬರ್) ಹೊರಬರುವ ಕಡೆ ಸೀಮೆಸುಣ್ಣದ ಗುರುತು ಹಾಕಿ. ಗಾಳಿಯ ಒತ್ತಡ 90ರಿಂದ 100 ಪಿಎಸ್‌ಐ ಇರುವಾಗ ಜೊತೆಯವರಿಂದ ಪೂರ್ತಿ ಬ್ರೇಕ್ ಒತ್ತಿಸಿ, ಗುರುತು ಎಷ್ಟು ಸರಿಯಿತೆಂದು ನೋಡಿ. ಟ್ರೇಲರುಗಳಲ್ಲಿ ಸಾಮಾನ್ಯವಾದ ಟೈಪ್ 30 ಚೇಂಬರಿಗೆ ಮಿತಿ 2 ಇಂಚು. ಅದೇ ಟೈಪಿನ ಲಾಂಗ್ ಸ್ಟ್ರೋಕ್ ಚೇಂಬರಿಗೆ 2.5 ಇಂಚು, ಗಾಳಿಯ ಪೈಪ್ ಸೇರುವ ಭಾಗ ಚೌಕಾಕಾರವಾಗಿರುವುದರಿಂದ ಅದನ್ನು ಗುರುತಿಸಬಹುದು. ಬ್ರೇಕಿನ ಸಡಿಲವನ್ನು ತಾನಾಗಿ ಬಿಗಿಮಾಡುವ ಆಟೋಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರ್ ಸಡಿಲವಾಗಿದ್ದರೆ ಸ್ಪ್ಯಾನರ್ ಹಾಕಿ ಬಿಗಿಮಾಡಿ ಹೊರಡಬೇಡಿ. ತಾನಾಗಿ ಬಿಗಿಯಾಗಬೇಕಾದದ್ದು ಆಗುತ್ತಿಲ್ಲವೆಂದರೆ ಒಳಗೆ ಬೇರೇನೋ ಕೆಟ್ಟಿದೆ. ಬಿಗಿಮಾಡಿದರೆ ರೋಗ ಮುಚ್ಚುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಟ್ರೇಲರ್ ಟಯರಿನ ಗೀರುಗಳು (ಟ್ರೆಡ್) ಕನಿಷ್ಠ 2/32 ಇಂಚು ಆಳವಿರಬೇಕು (ಲಾರಿಯ ಮುಂದಿನ ಚಕ್ರಕ್ಕೆ 4/32). ಹಿಂದೆ ಎಡಬದಿಯ ಹಳದಿ ಎಬಿಎಸ್ ದೀಪ ಕೀ ತಿರುಗಿಸಿದಾಗ ಒಮ್ಮೆ ಹೊತ್ತಿ ಆರಬೇಕು. ಹೊತ್ತಿಕೊಂಡೇ ಇದ್ದರೆ ದೋಷ, ಹೊತ್ತದೇ ಇದ್ದರೂ ದೋಷ. ವಾರ್ಷಿಕ ತಪಾಸಣೆಯ ಸ್ಟಿಕ್ಕರ್ ಅಥವಾ ಪ್ರತಿಗೆ 12 ತಿಂಗಳು ಮೀರಿದೆಯೇ ನೋಡಿ. ಅದು ನಮ್ಮ ಎಫ್‌ಸಿ ಇದ್ದಂತೆ: ಇರಲೇಬೇಕು, ಆದರೆ ಇದ್ದ ಮಾತ್ರಕ್ಕೆ ಇವತ್ತು ಬ್ರೇಕ್ ಹಿಡಿಯುತ್ತದೆ ಎಂದು ನಂಬುವಂತಿಲ್ಲ.

ದೋಷ ಕಂಡರೆ ಲೋಡು ಹಂಚುವ ಡಿಸ್ಪ್ಯಾಚರಿಗೆ ಬರೀ ಫೋನಿನಲ್ಲಿ ಹೇಳಿ ಬಿಡಬೇಡಿ. ಟ್ರೇಲರ್ ನಂಬರ್ ಕಾಣುವ ಒಂದು ಫೋಟೊ, ದೋಷದ್ದು ಇನ್ನೊಂದು, ಜೊತೆಗೆ ಒಂದು ಸಾಲಿನ ಮೆಸೇಜ್ ಕಳಿಸಿ. ಸಮಯ ತಾನಾಗಿ ದಾಖಲಾಗುತ್ತದೆ. ದಿನದ ಕೊನೆಗೆ ಬರೆಯುವ ಡಿವಿಐಆರ್, ಅಂದರೆ ಚಾಲಕನ ವಾಹನ ತಪಾಸಣಾ ವರದಿ, ದೋಷವಿಲ್ಲದ ದಿನ ಕಡ್ಡಾಯವಲ್ಲ, 2014ರ ಡಿಸೆಂಬರಿನಲ್ಲಿ ಆ ನಿಯಮ ಸಡಿಲಾಯಿತು. ದೋಷವಿದ್ದರೆ ಮಾತ್ರ ಬರೆಯಲೇಬೇಕು. ರಿಪೇರಿಯಾಯಿತು ಅಥವಾ ಅಗತ್ಯವಿಲ್ಲ ಎಂದು ಕಂಪನಿ ಸಹಿಮಾಡಿ, ವರದಿಯನ್ನು 3 ತಿಂಗಳು ಇಟ್ಟುಕೊಳ್ಳಬೇಕು. ಅದರಾಚೆ ಇಟ್ಟುಕೊಳ್ಳುವ ಹಂಗು ಅವರಿಗಿಲ್ಲ, ಆದ್ದರಿಂದ ಪ್ರತಿ ನಿಮ್ಮ ಹತ್ತಿರವೂ ಇರಲಿ.

ಬಂದರಿನಿಂದ ಕಂಟೇನರ್ ಹೊರುವ ಚಕ್ರದ ಚೌಕಟ್ಟಿಗೆ, ಅಂದರೆ ಚಾಸಿಗೆ, ಲೆಕ್ಕ ಸ್ವಲ್ಪ ಬೇರೆ. ಅದರ ನಿರ್ವಹಣೆ ಚಾಸಿ ಒದಗಿಸುವವರದು. ಹೊರಡುವ ಮೊದಲು ದೋಷ ತೋರಿಸಿದರೆ ಅವರು ರಿಪೇರಿ ಮಾಡಬೇಕು, ಇಲ್ಲವೇ ಬೇರೆ ಚಾಸಿ ಕೊಡಬೇಕು. ಸಾಲು ಉದ್ದವೆಂದು ಗೇಟು ದಾಟಿಬಿಟ್ಟರೆ, ಕಣ್ಣಿಗೆ ಕಾಣುವಂಥ ದೋಷ ನಿಮ್ಮ ಕಡೆಗೇ ತಿರುಗುತ್ತದೆ.

ತಪಾಸಣೆಯಲ್ಲಿ ಗಾಡಿಯನ್ನು ಔಟ್ ಆಫ್ ಸರ್ವಿಸ್ (ಓಡಿಸಬಾರದು) ಎಂದು ನಿಲ್ಲಿಸಿದರೆ, ಯಾರು ಏನೇ ಹೇಳಲಿ, ರಿಪೇರಿಯಾಗುವವರೆಗೆ ಕದಲಿಸಬೇಡಿ. ಮೊದಲ ಸಲ ಮೀರಿದರೂ ಕನಿಷ್ಠ 180 ದಿನ ಸಿಡಿಎಲ್ (ವಾಣಿಜ್ಯ ವಾಹನದ ಲೈಸೆನ್ಸ್) ಅಡಿಯಲ್ಲಿ ಓಡಿಸುವ ಅರ್ಹತೆ ಹೋಗುತ್ತದೆ. ತಪಾಸಣೆಯ ವರದಿಯನ್ನು ಕಂಪನಿಗೆ ಕೊಡಿ. ದೋಷ ಸರಿಪಡಿಸಿದೆವೆಂದು ಅವರು ತಪಾಸಣೆ ಮಾಡಿದ ಇಲಾಖೆಗೆ 15 ದಿನದೊಳಗೆ ತಿಳಿಸಬೇಕು. ವರದಿಯಲ್ಲೇ ತಪ್ಪಿದ್ದರೆ, ಅಂದರೆ ನಂಬರ್ ತಪ್ಪಾಗಿದ್ದರೆ, ಒಂದೇ ದೋಷ ಎರಡು ಸಲ ಬಿದ್ದಿದ್ದರೆ ಅಥವಾ ಕೋರ್ಟು ಕೇಸು ವಜಾ ಮಾಡಿದ್ದರೆ, ಸರ್ಕಾರದ ಡೇಟಾಕ್ಯೂಸ್ ಜಾಲತಾಣದಲ್ಲಿ ನೀವೇ ತಕರಾರು ಹಾಕಬಹುದು. ಕಂಪನಿಯ ಅನುಮತಿ ಬೇಕಿಲ್ಲ.

ಕೆಟ್ಟ ಟ್ರೇಲರ್ ಒಲ್ಲೆ ಎಂದದ್ದಕ್ಕೆ ಕೆಲಸ ಹೋದರೆ ಅಥವಾ ಲೋಡು ಕಡಿತವಾದರೆ ಲಾರಿ ಚಾಲಕರನ್ನು ಕಾಯುವ ಎಸ್‌ಟಿಎಎ ಕಾನೂನಿನಡಿ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾಗೆ 180 ದಿನದೊಳಗೆ ದೂರು ಕೊಡಿ. ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ. ಇಂಗ್ಲಿಷ್ ಬಾರದಿದ್ದರೆ ಬೇರೆ ಯಾವ ಭಾಷೆಯಲ್ಲಾದರೂ ಪಡೆಯುತ್ತಾರೆ, ಕನ್ನಡದಲ್ಲೂ. ಹೆದರಿಸಿ ಆ ಗಾಡಿಯನ್ನು ನಿಮ್ಮಿಂದ ಓಡಿಸಲು ನೋಡಿದರೆ ಅದು ಬೇರೆ ದೂರು, ಲಾರಿ ಸುರಕ್ಷತೆಯ ಫೆಡರಲ್ ಸಂಸ್ಥೆ ಎಫ್‌ಎಂಸಿಎಸ್‌ಎಗೆ 90 ದಿನದೊಳಗೆ. ಎರಡರಲ್ಲೂ ನಿಮ್ಮ ಕೈಹಿಡಿಯುವುದು ದೋಷ ಕಂಡಾಗ ನೀವು ಕಳಿಸಿದ ಆ ಮೆಸೇಜೇ.